ಮೇಷ್ಟ್ರನ್ನು ಕೇಳಿ: ಮಳೆ ಅಷ್ಟೇ ಬಿದ್ದಿದೆ, ಬಾವಿ ಯಾಕೆ ಬತ್ತಿತು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಳೆ, ಸೆಖೆ, ಬರದ ಬಗ್ಗೆಯೇ ಇವೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ಹವಾಮಾನ ವಿಜ್ಞಾನಿ ಅಲ್ಲ. ಸಾಗರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿದವನು. ಎರಡು ಎಕರೆ ಅಡಿಕೆ ತೋಟ ಇದೆ. 1994ರ ಜೂನ್‌ನಿಂದ ಅಂಗಳದಲ್ಲಿ ಮಳೆಮಾಪಕ ಇಟ್ಟು, ಮಳೆಗಾಲದಲ್ಲಿ ದಿನಾ ಬೆಳಗ್ಗೆ ಎಂಟೂವರೆಗೆ ಲೆಕ್ಕ ಬರೆಯುತ್ತಿದ್ದೇನೆ.

ಮೇಷ್ಟ್ರೇ, ನಮ್ಮ ಕಡೆ ವರ್ಷದ ಒಟ್ಟು ಮಳೆ ಹೆಚ್ಚುಕಡಿಮೆ ಮೊದಲಿನಷ್ಟೇ ಅಂತಾರೆ. ಆದರೆ ಅಪ್ಪನ ಕಾಲದಲ್ಲಿ ಏಪ್ರಿಲ್ ತನಕ ನೀರಿರುತ್ತಿದ್ದ ಬಾವಿ ಈಗ ಫೆಬ್ರವರಿಗೇ ತಳ ಕಾಣುತ್ತದೆ. ಬಿದ್ದ ನೀರು ಎಲ್ಲಿ ಹೋಯಿತು?
— ಅಡಿಕೆ ಬೆಳೆಗಾರ, ಸಿದ್ದಾಪುರ ತಾಲ್ಲೂಕು

ನಿಮ್ಮ ಪತ್ರ ಓದಿದ ಮೇಲೆ ನನ್ನ ಹಳೆಯ ನೋಟ್‌ಬುಕ್ ತೆಗೆದು ಕೂತೆ. ತೊಂಬತ್ತರ ದಶಕದ ಜುಲೈ ಪುಟಗಳಲ್ಲಿ 20, 35, 28, 42 ಹೀಗೆ ಮಿಲಿಮೀಟರ್ ಲೆಕ್ಕ ಸಾಲಾಗಿ ಇಳಿದಿದೆ. ಬಿಡುವೇ ಇಲ್ಲ. ಈಚಿನ ಪುಟಗಳಲ್ಲಿ ಸೊನ್ನೆ, ಸೊನ್ನೆ, 4, ಮತ್ತೆ ಸೊನ್ನೆ, ಆಮೇಲೆ ಇದ್ದಕ್ಕಿದ್ದಂತೆ 160. ತಿಂಗಳ ಕೊನೆಗೆ ಕೂಡಿಸಿದರೆ ಮೊತ್ತದಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಬೀಳುವ ರೀತಿಯಲ್ಲಿ. ಒಂದು ಅಂಗಳದ ಲೆಕ್ಕ ಜಗತ್ತಿಗೆ ಸಾಕ್ಷಿ ಆಗಲ್ಲ, ಅದು ನನಗೆ ಗೊತ್ತು. ಆದರೆ ದೊಡ್ಡ ಲೆಕ್ಕವೂ ಇದೇ ದಿಕ್ಕಿನಲ್ಲಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಜೊತೆಗಾರರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1950ರಿಂದ 2015ರ ಒಳಗೆ ಮಧ್ಯ ಭಾರತದಲ್ಲಿ ವ್ಯಾಪಕವಾದ ಭಾರಿ ಮಳೆಯ ಘಟನೆಗಳು ಮೂರು ಪಟ್ಟಾಗಿವೆ. ಅದೇ ಅವಧಿಯಲ್ಲಿ ಅಲ್ಲಿನ ಒಟ್ಟು ಮುಂಗಾರು ಮಳೆ ಕಡಿಮೆಯಾಗಿದೆ. ಅದು ನಮ್ಮ ಮಲೆನಾಡಿನ ಅಂಕಿ ಅಲ್ಲ, ಆದರೆ ಮಳೆಯ ಸ್ವಭಾವ ಹೇಗೆ ಬದಲಾಗುತ್ತಿದೆ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ.

ಯಾಕೆ ಹೀಗೆ? ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಹಾಗಾಗಿ ಗಾಳಿ ನೀರನ್ನು ತುಂಬಿಕೊಳ್ಳುವುದಕ್ಕೆ ಹೆಚ್ಚು ದಿನ ತೆಗೆದುಕೊಳ್ಳುತ್ತದೆ. ಆ ದಿನಗಳಲ್ಲಿ ನಮಗೆ ಬಿಸಿಲು. ಸುರಿಯಲು ಶುರುವಾದಾಗ ತುಂಬಿಟ್ಟದ್ದನ್ನೆಲ್ಲ ಒಂದೇ ಏಟಿಗೆ ಸುರಿಸುತ್ತದೆ. ಜೊತೆಗೆ ನಮಗೆ ಮಳೆ ಕಳಿಸುವ ಅರಬ್ಬಿ ಸಮುದ್ರವೇ ಬಿಸಿಯಾಗಿದೆ. ಅಲ್ಲಿಂದ ಏಳುವ ಆವಿಯೂ ಜಾಸ್ತಿ.

ಇನ್ನು ನಿಮ್ಮ ಬಾವಿಗೆ ಬರೋಣ. ಅಡಿಕೆ ಸಸಿಯ ಪ್ಯಾಕೆಟ್ಟಿಗೆ ಚೊಂಬಿನಲ್ಲಿ ನಿಧಾನ ನೀರು ಹಾಕಿ ನೋಡಿ, ಮಣ್ಣು ಪೂರ್ತಿ ಕುಡಿಯುತ್ತದೆ. ಅದೇ ನೀರನ್ನು ಬಕೆಟ್ಟಿನಲ್ಲಿ ಒಮ್ಮೆಲೇ ಸುರಿಯಿರಿ. ಮೇಲ್ಮಣ್ಣು ಸಮೇತ ಹೊರಗೆ ಹೋಗುತ್ತದೆ, ಒಳಗೆ ಬೆರಳು ಹಾಕಿದರೆ ಒಣ. ಮಣ್ಣಿಗೆ ಗಂಟೆಗೆ ಇಷ್ಟು ಅಂತ ಕುಡಿಯುವ ಮಿತಿ ಇದೆ. ವಾರಗಟ್ಟಲೆ ಜಿಟಿಜಿಟಿ ಹಿಡಿದ ಮಳೆ ಇಂಗುತ್ತದೆ. ಮೂರು ತಾಸಿನಲ್ಲಿ ಹೊಡೆದ ಮಳೆ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ನಿಮ್ಮ ನೀರು ಅಲ್ಲಿಗೆ ಹೋಯಿತು.

ಆದರೆ ಬಾವಿ ಬತ್ತಿದ್ದಕ್ಕೆಲ್ಲ ಹವಾಮಾನದ ಮೇಲೇ ಹೊಣೆ ಹೊರಿಸಲಾರೆ. ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು, ತರಗೆಲೆ ತರುವ ಕಾಡಿನಲ್ಲಿ) ತರಗೆಲೆ ಹಾಸು ಇದ್ದಾಗ ಅದು ಹೊಡೆತದ ಮಳೆಯನ್ನೂ ತಡೆದು ನಿಧಾನಕ್ಕೆ ಇಳಿಸುತ್ತಿತ್ತು. ಈಗ ಎಷ್ಟು ಬೆಟ್ಟ ಬೋಳಾಗಿದೆ, ಎಷ್ಟು ಕಡೆ ಅಕೇಶಿಯಾ ನಿಂತಿದೆ ನೋಡಿ. ಸುತ್ತ ಎಷ್ಟು ಬೋರ್‌ವೆಲ್ ಕೊರೆದಿದ್ದಾರೆ ಅನ್ನುವುದನ್ನೂ ಎಣಿಸಿ. ಮಳೆಯ ರೀತಿ ಕೆಟ್ಟಾಗ ನೆಲದ ಕೆಲಸ ಇನ್ನೂ ಚೆನ್ನಾಗಿರಬೇಕಿತ್ತು. ನಾವು ಎರಡನ್ನೂ ಒಟ್ಟಿಗೆ ಕಳೆದುಕೊಂಡೆವು.

ಏನು ಮಾಡಬಹುದು? ಬೆಟ್ಟದ ತರಗೆಲೆಯನ್ನು ಪೂರ್ತಿ ಗುಡಿಸಿ ತರಬೇಡಿ. ತೋಟದ ಮೇಲ್ಬದಿಯ ಸಪಾಟು ಜಾಗದಲ್ಲಿ ಇಂಗುಗುಂಡಿ ತೆಗೆಯಿರಿ. ಸಪಾಟು ಅನ್ನುವ ಪದಕ್ಕೆ ಒತ್ತು ಕೊಟ್ಟು ಹೇಳುತ್ತಿದ್ದೇನೆ, ಯಾಕೆ ಅಂತ ಮುಂದೆ ಗುಡ್ಡ ಕುಸಿತದ ಉತ್ತರದಲ್ಲಿದೆ. ಮತ್ತೆ ಬಸಿಗಾಲುವೆಗಳನ್ನು ಮೇ ತಿಂಗಳಲ್ಲೇ ಹೆರೆಸಿ. ಒಂದೇ ದಿನ 150 ಮಿ.ಮೀ. ಬಿದ್ದಾಗ ತೋಟದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಇಂಗಿಸುವುದೂ ಬೇಕು, ಬಸಿಯುವುದೂ ಬೇಕು. ಈಗಿನ ಮಳೆಗೆ ಎರಡು ತಯಾರಿಯೂ ಒಟ್ಟಿಗೇ ಇರಬೇಕು.

ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗದ ಬಗ್ಗೆಯೂ ಪತ್ರದಲ್ಲಿ ಕೇಳಿದ್ದೀರಿ. ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನ ಬಿಟ್ಟು ಅನ್ನುವುದು ಪದ್ಧತಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಜೂನ್ ಮೊದಲ ವಾರ ಅಂತ ಕೊನೆಗೌಡನಿಗೆ (ಅಡಿಕೆ ಮರ ಹತ್ತುವವನಿಗೆ) ಹೇಳಿಟ್ಟಿದ್ದ ನನಗೆ ಮೊದಲ ಸಿಂಪಡಣೆ ಸರಿಯಾದ ಹೊತ್ತಿಗೆ ಆಗಲೇ ಇಲ್ಲ. ಈಗ ನಾನು ತಾರೀಕು ನೋಡುವುದು ಬಿಟ್ಟು, ಮೇ ಎರಡನೇ ವಾರದಿಂದಲೇ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ನಿರ್ಧರಿಸುತ್ತೇನೆ.

ಸರ್, ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ 0.04 ಮಾತ್ರ ಅಂತ ಪಾಠದಲ್ಲಿದೆ. ಅಷ್ಟು ಚೂರು ಅನಿಲ ಇಡೀ ಭೂಮಿಯನ್ನು ಹೇಗೆ ಬಿಸಿ ಮಾಡುತ್ತದೆ? ನಮ್ಮ ಟೀಚರ್‌ಗೆ ಕೇಳಿದೆ, ನಿಮಗೆ ಬರೆ ಅಂದರು.
— 9ನೇ ತರಗತಿ ವಿದ್ಯಾರ್ಥಿನಿ, ಅರಸೀಕೆರೆ

ಮಗು, ತುಂಬ ಒಳ್ಳೆಯ ಪ್ರಶ್ನೆ. ನಿನ್ನ ಟೀಚರ್‌ಗೂ ನನ್ನ ನಮಸ್ಕಾರ ಹೇಳು. ಬಿಳಿ ಬಟ್ಟೆಗೆ ಹಾಕುವ ನೀಲಿ ಗೊತ್ತಲ್ವಾ? ಒಂದು ಬಕೆಟ್ ನೀರಿಗೆ ನಾಲ್ಕು ತೊಟ್ಟು ಬಿಟ್ಟರೆ ನೀರೆಲ್ಲ ನೀಲಿ. ಉಳಿದ ನೀರಿಗೆ ಬಣ್ಣವೇ ಇಲ್ಲ, ಆದ್ದರಿಂದ ಆ ನಾಲ್ಕು ತೊಟ್ಟಿನದೇ ಕಾರುಬಾರು. ಗಾಳಿಯಲ್ಲೂ ಹಾಗೇ. ಶೇ 78 ನೈಟ್ರೋಜನ್, ಶೇ 21 ಆಕ್ಸಿಜನ್. ಇವೆರಡೂ ಭೂಮಿಯಿಂದ ಮೇಲೇಳುವ ಬಿಸಿಗೆ ಅಡ್ಡ ಬರುವುದೇ ಇಲ್ಲ. ಅವುಗಳ ಅಣುವಿನಲ್ಲಿ ಒಂದೇ ಥರದ ಎರಡು ಪರಮಾಣು, ಆ ಬಿಸಿಯ ಅಲೆಗೆ ಅವು ಅಲುಗುವುದಿಲ್ಲ. ಕಾರ್ಬನ್ ಡೈಆಕ್ಸೈಡಿನಲ್ಲಿ ಮೂರು ಪರಮಾಣು. ಅದು ಬಿಸಿಯನ್ನು ಹೀರಿ ಅದುರುತ್ತದೆ, ಆಮೇಲೆ ಎಲ್ಲ ಕಡೆಗೂ ಬಿಡುತ್ತದೆ. ಒಂದಷ್ಟು ವಾಪಸ್ ನೆಲಕ್ಕೇ ಬರುತ್ತದೆ. ನೀರಾವಿ, ಮೀಥೇನ್ ಕೂಡ ಇದೇ ಕೆಲಸ ಮಾಡುತ್ತವೆ.

ಡಿಸೆಂಬರ್‌ನಲ್ಲಿ ಗಮನಿಸು. ಆಕಾಶ ತಿಳಿಯಾಗಿದ್ದ ರಾತ್ರಿ ಚಳಿ ಜಾಸ್ತಿ, ಮೋಡ ಮುಚ್ಚಿದ ರಾತ್ರಿ ಕಡಿಮೆ. ನೆಲದ ಬಿಸಿ ಹೊರಗೆ ಹೋಗದ ಹಾಗೆ ಮೋಡ ತಡೆಯುತ್ತದೆ. ಈ ಅನಿಲಗಳ ಹೊದಿಕೆ ಇಲ್ಲವೇ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸುಮಾರು ಮೈನಸ್ 18 ಡಿಗ್ರಿ ಇರುತ್ತಿತ್ತು, ನಾವ್ಯಾರೂ ಇರುತ್ತಿರಲಿಲ್ಲ. ಹಾಗಾಗಿ ಹೊದಿಕೆ ಬೇಕು. ಅದು ದಪ್ಪವಾಗುತ್ತಾ ಹೋಗುತ್ತಿರುವುದೇ ತೊಂದರೆ. ಕೈಗಾರಿಕೆ ಶುರುವಾಗುವ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 280 ಕಾರ್ಬನ್ ಡೈಆಕ್ಸೈಡ್ ಇತ್ತು. ಚಾರ್ಲ್ಸ್ ಕೀಲಿಂಗ್ ಅನ್ನುವ ವಿಜ್ಞಾನಿ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದಾಗ ಸುಮಾರು 315. ಈಗ 420 ದಾಟಿದೆ. ಒಂದೂವರೆ ಪಟ್ಟು!

ಇನ್ನೊಂದು ವಿಷಯ ನಿನಗೆ ಹೇಳಲೇಬೇಕು. 1856ರಲ್ಲಿ, ಅಂದರೆ ನಮ್ಮ ದೇಶದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಿ ಮೂರೇ ವರ್ಷಕ್ಕೆ, ಅಮೆರಿಕದ ಯೂನಿಸ್ ಫೂಟ್ ಎಂಬ ಹೆಣ್ಣುಮಗಳು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಲ್ಲಿಟ್ಟರು. ಕಾರ್ಬನ್ ಡೈಆಕ್ಸೈಡ್ ತುಂಬಿದ ಕೊಳವೆ ಎಲ್ಲಕ್ಕಿಂತ ಹೆಚ್ಚು ಬಿಸಿಯಾಯಿತು, ತಣ್ಣಗಾಗಲು ಹೆಚ್ಚು ಹೊತ್ತು ತೆಗೆದುಕೊಂಡಿತು. ಮೂರು ವರ್ಷದ ನಂತರ ಜಾನ್ ಟಿಂಡಾಲ್ ಇನ್ನೂ ನಿಖರವಾಗಿ ಅಳೆದರು. ಟಿಂಡಾಲರ ಹೆಸರು ಎಲ್ಲರಿಗೂ ಗೊತ್ತಾಯಿತು, ಫೂಟ್ ಅವರನ್ನು ನೂರಕ್ಕೂ ಹೆಚ್ಚು ವರ್ಷ ಜನ ಮರೆತೇಬಿಟ್ಟಿದ್ದರು. ನೀನು ಮರೆಯಬೇಡ.

ಭೂಮಿ ಬಿಸಿಯಾಗುವುದು ಒಂದೂವರೆ ಡಿಗ್ರಿ ದಾಟಬಾರದು ಅಂತ ಇಷ್ಟು ಗಲಾಟೆ ಯಾಕೆ? ನಮ್ಮ ಕಲಬುರಗಿಯಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹದಿನೈದು ಡಿಗ್ರಿ ವ್ಯತ್ಯಾಸ ಇರುತ್ತದೆ.
— ಕಿರಾಣಿ ವ್ಯಾಪಾರಿ, ಕಲಬುರಗಿ

ನಿಮ್ಮೂರಿನ ಒಂದು ದಿನದ ಏರಿಳಿತ ಬೇರೆ, ಇಡೀ ಭೂಮಿಯ ವರ್ಷದ ಸರಾಸರಿ ಬೇರೆ. ಸುಮಾರು ಇಪ್ಪತ್ತು ಸಾವಿರ ವರ್ಷದ ಹಿಂದೆ, ಹಿಮಯುಗದಲ್ಲಿ, ಭೂಮಿಯ ಸರಾಸರಿ ಈಗಿಗಿಂತ ಸುಮಾರು 6 ಡಿಗ್ರಿ ಮಾತ್ರ ಕಡಿಮೆ ಇತ್ತು. ಅಷ್ಟಕ್ಕೇ ಕೆನಡಾದ ಮೇಲೆ ಕಿಲೋಮೀಟರ್‌ಗಟ್ಟಲೆ ದಪ್ಪ ಹಿಮ ಕೂತಿತ್ತು. 2024 ದಾಖಲೆಯಲ್ಲೇ ಅತಿ ಬಿಸಿ ವರ್ಷ. 1850–1900ರ ಸರಾಸರಿಗಿಂತ ಸುಮಾರು 1.55 ಡಿಗ್ರಿ ಹೆಚ್ಚು. ಸರಾಸರಿ ಅಷ್ಟು ಮೇಲೆದ್ದರೆ ನಿಮ್ಮ ಕಡೆಯ ಮೇ ತಿಂಗಳ 44, 45 ಡಿಗ್ರಿ ದಿನಗಳು ಹೆಚ್ಚಾಗುತ್ತವೆ. ಮೂಟೆ ಹೊರುವವರಿಗೆ, ಗಾರೆ ಕೆಲಸದವರಿಗೆ ಮಧ್ಯಾಹ್ನ ಬಿಡುವು ಕೊಡಿ. ನಿಮ್ಮ ಅಂಗಡಿ ಮುಂದೆ ಒಂದು ನೀರಿನ ಮಡಕೆ ಇಡಿ.

ಭೂಮಿ ಹಿಂದೆಯೂ ಬಿಸಿಯಾಗಿದೆ, ತಣ್ಣಗಾಗಿದೆ. ಇದು ಸೂರ್ಯನ ಆಟ ಇರಬಹುದಲ್ಲವೇ? ಮನುಷ್ಯನೇ ಕಾರಣ ಅಂತ ಹೇಗೆ ಹೇಳುತ್ತೀರಿ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು

ಬ್ಯಾಂಕಿನಲ್ಲಿ ಇದ್ದವರು ನೀವು. ಒಂದು ಸಹಿ ನಂಬದೆ ಎರಡು ಮೂರು ಕಡೆ ತಾಳೆ ನೋಡುತ್ತೀರಿ. ಇಲ್ಲೂ ಹಾಗೆ ನೋಡೋಣ.

ಸೂರ್ಯನಿಂದ ಬರುವ ಶಕ್ತಿಯನ್ನು 1970ರ ದಶಕದ ಕೊನೆಯಿಂದ ಉಪಗ್ರಹಗಳು ಅಳೆಯುತ್ತಿವೆ. ಹನ್ನೊಂದು ವರ್ಷಕ್ಕೊಮ್ಮೆ ಸ್ವಲ್ಪ ಏರಿಳಿತ ಇದೆ, ಏರುತ್ತಾ ಹೋಗಿಲ್ಲ. ಭೂಮಿ ಮಾತ್ರ ಬಿಸಿಯಾಗುತ್ತಾ ಹೋಗಿದೆ. ಇನ್ನೊಂದು ಸಾಕ್ಷಿ ನನಗೆ ಬಹಳ ಗಟ್ಟಿ ಅನಿಸುತ್ತದೆ. ಸೂರ್ಯ ಕಾರಣ ಆಗಿದ್ದರೆ ವಾತಾವರಣದ ಮೇಲಿನ ಪದರವೂ ಕೆಳಗಿನ ಪದರವೂ ಎರಡೂ ಬಿಸಿಯಾಗಬೇಕಿತ್ತು. ಆಗಿರುವುದು ಕೆಳಗೆ ಬಿಸಿ, ಮೇಲೆ ತಂಪು. ಬಿಸಿ ಕೆಳಗೇ ಸಿಕ್ಕಿಹಾಕಿಕೊಂಡಾಗ ಮಾತ್ರ ಹೀಗಾಗುತ್ತದೆ.

ಹೆಚ್ಚಾದ ಕಾರ್ಬನ್ ಎಲ್ಲಿಂದ ಬಂತು ಅನ್ನುವುದಕ್ಕೂ ಗುರುತಿದೆ. ಜೀವಂತ ಗಿಡಮರಗಳಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಕಾರ್ಬನ್ ಸ್ವಲ್ಪ ಇರುತ್ತದೆ. ಕಲ್ಲಿದ್ದಲು, ಪೆಟ್ರೋಲ್ ಕೋಟ್ಯಂತರ ವರ್ಷ ನೆಲದಡಿ ಇದ್ದದ್ದರಿಂದ ಅದು ಅವುಗಳಲ್ಲಿ ಪೂರ್ತಿ ಕರಗಿಹೋಗಿದೆ. ಅವನ್ನು ಸುಟ್ಟಾಗ ಗಾಳಿಯಲ್ಲಿ ಕಾರ್ಬನ್-14ರ ಪಾಲು ತೆಳುವಾಗುತ್ತದೆ. ಹಾಗೆ ತೆಳುವಾಗಿದ್ದನ್ನು ಅಳೆದಿದ್ದಾರೆ. ಹಿಂದೆಯೂ ಬಿಸಿಯಾಗಿತ್ತು ಅನ್ನುವ ನಿಮ್ಮ ಮಾತು ನಿಜ. ಆದರೆ ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳನ್ನು ನೋಡಿದರೆ ಕಳೆದ 8 ಲಕ್ಷ ವರ್ಷದಲ್ಲಿ, ಕೈಗಾರಿಕೆ ಶುರುವಾಗುವ ತನಕ, ಈ ಅನಿಲ ಹತ್ತು ಲಕ್ಷಕ್ಕೆ ಸುಮಾರು 300ನ್ನು ದಾಟಿರಲಿಲ್ಲ. ನಾವು ಇನ್ನೂರೈವತ್ತು ವರ್ಷದಲ್ಲಿ 420 ದಾಟಿಸಿದೆವು.

ಮೃಗಶಿರಾ ಮಳೆ ಮೃಗಶಿರಾದಲ್ಲಿ ಬರಲ್ಲ, ಆರಿದ್ರಾ ಮಳೆ ಆರಿದ್ರಾದಲ್ಲಿ ಬರಲ್ಲ. ಹಿರಿಯರ ಲೆಕ್ಕ ತಪ್ಪಾಯಿತೇ?
— ರೈತ, ಶಿಕಾರಿಪುರ ತಾಲ್ಲೂಕು

ನನ್ನ ಅಜ್ಜಿ "ಆರಿದ್ರಾ ಮಳೆ ಆರದೆ ಹುಯ್ಯುತ್ತೆ" ಅನ್ನುತ್ತಾ ಸೌದೆ ಒಳಗೆ ಹಾಕಿಸುತ್ತಿದ್ದರು. ಹಿರಿಯರು ತಪ್ಪಲ್ಲ. ಆದರೆ ಇಲ್ಲಿ ಎರಡು ಬೇರೆ ವಿಷಯ ಇವೆ.

ಮಳೆ ನಕ್ಷತ್ರ ಅಂದರೆ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಅನ್ನುವ ಲೆಕ್ಕ. ನಕ್ಷತ್ರ ಹಿಡಿದು ಎಣಿಸಿದ ವರ್ಷ, ಋತು ಹಿಡಿದು ಎಣಿಸಿದ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಹೀಗೆ ಸುಮಾರು 72 ವರ್ಷಕ್ಕೆ ಒಂದು ದಿನ ಜಾರುತ್ತದೆ. ಮಕರ ಸಂಕ್ರಾಂತಿ ನೋಡಿ. ನಾವು ಜನವರಿ 14 ಅಥವಾ 15ಕ್ಕೆ ಎಳ್ಳುಬೆಲ್ಲ ಹಂಚುತ್ತೇವೆ, ಆದರೆ ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ. ಗಾದೆ ಹುಟ್ಟಿ ಐನೂರು ವರ್ಷ ಆಗಿದ್ದರೆ ಏಳು ದಿನದ ಜಾರುವಿಕೆ. ಅದಕ್ಕೂ ಹವಾಮಾನ ಬದಲಾವಣೆಗೂ ಸಂಬಂಧ ಇಲ್ಲ. ಮತ್ತೆ ಆ ಜಾರುವಿಕೆಯಿಂದ ಮಳೆ ನಕ್ಷತ್ರಕ್ಕಿಂತ ಮುಂಚೆ ಬಂದಂತೆ ಕಾಣಬೇಕು, ತಡವಾದಂತೆ ಅಲ್ಲ.

ನಿಮ್ಮ ದೂರು ಹೆಚ್ಚಾಗಿ ಎರಡನೇ ವಿಷಯದ್ದು. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. ಆ ವರ್ಷದ ಆಗಸ್ಟ್ ದೇಶದಲ್ಲಿ 1901ರಿಂದ ಈಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್. ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಅದಾದ ಒಂದೇ ವರ್ಷಕ್ಕೆ, 2024ರ ಜುಲೈನಲ್ಲಿ, ಭಾರಿ ಮಳೆಗೆ ನಮ್ಮ ಶಿರೂರಿನಲ್ಲಿ, ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿತ. ಎಲ್ ನಿನೋ (ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮಳೆಯನ್ನೂ ಏರುಪೇರು ಮಾಡುವುದು) ಥರದ ಏರಿಳಿತ ಹಿಂದೆಯೂ ಇತ್ತು. ಬಿಸಿಯಾದ ಗಾಳಿ ಅದರ ಎರಡೂ ತುದಿಗಳನ್ನು ಎಳೆಯುತ್ತಿದೆ. ಗಾದೆಗಳು ಹುಟ್ಟಿದ್ದು ಎಷ್ಟೋ ತಲೆಮಾರಿನ ಸರಾಸರಿಯಿಂದ. ಆ ಸರಾಸರಿಯೇ ಈಗ ಅಲುಗಾಡುತ್ತಿದೆ. ಬಿತ್ತನೆಗೆ ನಕ್ಷತ್ರ ಒಂದನ್ನೇ ನಂಬದೆ, ಮಣ್ಣು ಒಂದು ಗೇಣು ಹಸಿಯಾಗಿದೆಯಾ, ಮುಂದಿನ ವಾರದ ಮುನ್ಸೂಚನೆ ಏನಿದೆ ನೋಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿ ಇರುವುದು ಇದಕ್ಕೇ.

ಓಜೋನ್ ತೂತು ಮತ್ತು ಹವಾಮಾನ ಬದಲಾವಣೆ ಎರಡೂ ಒಂದೇ ತಾನೇ?
— ಪಿಯುಸಿ ವಿದ್ಯಾರ್ಥಿ, ಹಾವೇರಿ

ಅಲ್ಲ. ಸೂರ್ಯನ ಹಾನಿಕರ ಕಿರಣಗಳನ್ನು ತಡೆಯುವ ಓಜೋನ್ ಪದರಕ್ಕೆ ಪೆಟ್ಟು ಕೊಟ್ಟದ್ದು ಮುಖ್ಯವಾಗಿ ಹಳೆಯ ಫ್ರಿಜ್, ಸ್ಪ್ರೇಗಳಲ್ಲಿದ್ದ ರಾಸಾಯನಿಕ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅವು ಕಡಿಮೆಯಾದವು, ಪದರ ನಿಧಾನಕ್ಕೆ ಚೇತರಿಸಿಕೊಳ್ಳುತ್ತಿದೆ. ಆ ರಾಸಾಯನಿಕಗಳೂ ಬಿಸಿ ಹಿಡಿಯುವ ಅನಿಲಗಳೇ. ಹಾಗಾಗಿ ಆ ಒಪ್ಪಂದದಿಂದ ಎರಡಕ್ಕೂ ಒಳ್ಳೆಯದಾಯಿತು.

ನಮ್ಮ ಮನೆ ಹಿಂದೆ ಗುಡ್ಡ ಇದೆ. ಶಿರೂರಿನ ಸುದ್ದಿ ಕೇಳಿದ ಮೇಲೆ ಮಳೆಗಾಲದಲ್ಲಿ ನಿದ್ದೆ ಬರುವುದಿಲ್ಲ. ಇದು ಹವಾಮಾನದಿಂದಲೋ, ಗುಡ್ಡ ಕಡಿದದ್ದರಿಂದಲೋ?
— ಗೃಹಿಣಿ, ಅಂಕೋಲಾ ತಾಲ್ಲೂಕು

ಎರಡೂ, ಅಮ್ಮ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿ ಹೊಳೆಗೆ ಜಾರಿತು. ಎರಡು ವಾರದ ನಂತರ, ಜುಲೈ 30ರ ನಸುಕಿನಲ್ಲಿ, ವಯನಾಡು. ವಯನಾಡಿನ ಬಗ್ಗೆ ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡವೊಂದು ಲೆಕ್ಕ ಹಾಕಿ, ಆ ದಿನದ ಮಳೆ ಹವಾಮಾನ ಬದಲಾವಣೆಯಿಂದ ಸುಮಾರು ಶೇ 10ರಷ್ಟು ಜೋರಾಗಿತ್ತು ಎಂದಿತು. ಶೇ 10 ಸಣ್ಣದು ಅನಿಸಬಹುದು. ಆದರೆ ಬುಡ ಕಡಿದ, ನೀರು ಕುಡಿದು ತುಂಬಿಕೊಂಡ ಗುಡ್ಡಕ್ಕೆ ಕೊನೆಯ ಹೊರೆ ಅದೇ ಆಗಬಹುದು. ಮಳೆ ಜೋರಾಗುತ್ತಿದೆ ಅಂತ ಗೊತ್ತಿದ್ದೂ ಗುಡ್ಡದ ಬುಡವನ್ನು ನೆಟ್ಟಗೆ ಕಡಿಯುವುದು ನನ್ನ ಪ್ರಕಾರ ಅಕ್ಷಮ್ಯ.

ನನ್ನ ತಪ್ಪೊಂದನ್ನೂ ಹೇಳಬೇಕು. ಮನೆಯ ಹಿಂದಿನ ಕಡಿದಾದ ದರೆಯ ಮೇಲೆ ನಾನು ಸಾಲಾಗಿ ಇಂಗುಗುಂಡಿ ತೋಡಿಸಿದ್ದೆ. 2019ರ ಆಗಸ್ಟ್‌ನಲ್ಲಿ ಮೂರು ದಿನ ಬಿಡದೆ ಹೊಡೆದಾಗ ಗುಂಡಿ ಸಾಲಿನ ಕೆಳಗಿನ ಮಣ್ಣು ಕುಸಿದು ಕೊಟ್ಟಿಗೆಯ ಗೋಡೆಗೆ ಬಂದು ನಿಂತಿತು. ದನ ಹೊರಗಿದ್ದವು, ದೇವರು ದೊಡ್ಡವನು. ಇಳಿಜಾರಿನಲ್ಲಿ ನೀರು ಇಂಗಿಸಿದರೆ ಮಣ್ಣು ಭಾರವಾಗುತ್ತದೆ, ಹಿಡಿತ ಬಿಡುತ್ತದೆ. ಕಡಿದಾದ ದರೆಯಲ್ಲಿ ನೀರನ್ನು ಪಕ್ಕಕ್ಕೆ ತಿರುಗಿಸಬೇಕು, ಇಂಗಿಸಬಾರದು. ಮೇಲೆ ಸಪಾಟು ಜಾಗ ಅಂದದ್ದು ಇದಕ್ಕೆ.

ನೀವು ಇವನ್ನು ನೋಡುತ್ತಿರಿ. ನೆಲದಲ್ಲಿ ಹೊಸ ಬಿರುಕು. ನೆಟ್ಟಗಿದ್ದ ಮರ, ಕಂಬ ವಾಲುವುದು. ಬಾಗಿಲು ಇದ್ದಕ್ಕಿದ್ದಂತೆ ಹಾಕಲು ಬಾರದಿರುವುದು. ಇಲ್ಲದ ಕಡೆ ಒರತೆ ಏಳುವುದು, ತಿಳಿ ಹಳ್ಳ ಕೆಂಪಾಗುವುದು, ಅಥವಾ ತುಂಬಿ ಹರಿಯುತ್ತಿದ್ದ ಹಳ್ಳ ತಟ್ಟನೆ ಕಡಿಮೆಯಾಗುವುದು. ಇದರಲ್ಲಿ ಒಂದು ಕಂಡರೂ ಸಾಮಾನು ಕಟ್ಟುತ್ತಾ ಕೂರಬೇಡಿ. ಮಕ್ಕಳನ್ನು ಕರೆದುಕೊಂಡು ಹೊರಡಿ, ಪಂಚಾಯ್ತಿಗೆ ಆಮೇಲೆ ಫೋನ್ ಮಾಡಿ. ಮಳೆಗಾಲದ ಎರಡು ತಿಂಗಳು ಗುಡ್ಡದ ಕಡೆಯ ಕೋಣೆಯಲ್ಲಿ ಮಲಗುವುದು ಬೇಡ.

ಇಂಗಾಲ ಸುಟ್ಟದ್ದು ಅಮೆರಿಕ, ಯುರೋಪ್. ಬರ, ನೆರೆ ನಮಗೆ. ಈಗ ನಾವು ಯಾಕೆ ಕಡಿಮೆ ಮಾಡಬೇಕು? ನಾನೊಬ್ಬ ಬೈಕ್ ಬಿಟ್ಟರೆ ಏನಾಗುತ್ತದೆ?
— ಯುವಕ, ಪಾವಗಡ

ನಿಮ್ಮ ಸಿಟ್ಟು ನ್ಯಾಯವಾದದ್ದು. ಈ ತನಕ ಗಾಳಿಗೆ ಸೇರಿದ ಪಳೆಯುಳಿಕೆ ಇಂಧನದ ಇಂಗಾಲದಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದ್ದೇ. ಇವತ್ತಿಗೂ ಅಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್ ಕಾರ್ಬನ್ ಡೈಆಕ್ಸೈಡ್, ನಮ್ಮಲ್ಲಿ ಸುಮಾರು 2 ಟನ್. ಶ್ರೀಮಂತ ದೇಶಗಳು ಮೊದಲು ಇಳಿಸಬೇಕು, ಹಣವನ್ನೂ ಕೊಡಬೇಕು. 2015ರ ಪ್ಯಾರಿಸ್ ಒಪ್ಪಂದ, 2022ರಲ್ಲಿ ಈಜಿಪ್ಟ್‌ನಲ್ಲಿ ಒಪ್ಪಿಕೊಂಡ ನಷ್ಟ ಪರಿಹಾರ ನಿಧಿ, ಎಲ್ಲ ಕಾಗದದ ಮೇಲಿವೆ. ಕೊಟ್ಟದ್ದು ಸಾಲದು.

ಆದರೆ ನಿಮ್ಮ ಬೈಕಿಗಿಂತ ದೊಡ್ಡ ಉತ್ತರ ನಿಮ್ಮ ಊರಿನ ಪಕ್ಕದಲ್ಲೇ ಇದೆ. ತಿರುಮಣಿ ಸುತ್ತಿನ ಸೋಲಾರ್ ಪಾರ್ಕ್: ಸುಮಾರು 13,000 ಎಕರೆ, 2,050 ಮೆಗಾವಾಟ್. ಶೇಂಗಾ ಬಿತ್ತಿ ಮಳೆಗೆ ಕಾದು ಕೈ ಸುಟ್ಟುಕೊಂಡ ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಕೊಟ್ಟರು. ಕಲ್ಲಿದ್ದಲು ಸುಡದೆ ಕರೆಂಟು ಬರುತ್ತದೆ ಅನ್ನುವುದನ್ನು ಜನ ನೋಡಲು ಬರುತ್ತಾರೆ. ಅಲ್ಲಿ ಜಮೀನಿಲ್ಲದ ಕೂಲಿಯವರಿಗೆ ಗುತ್ತಿಗೆ ಹಣ ಇಲ್ಲ, ಹೊಲದ ಕೆಲಸವೂ ಹೋಯಿತು. ಅದನ್ನೂ ಸೇರಿಸಿ ಯೋಚಿಸುವುದು ನಿಮ್ಮಂಥ ಹುಡುಗರ ಕೆಲಸ. ಬೈಕ್ ಬಿಡಿ ಅಂತ ನಾನು ಹೇಳಲ್ಲ, ಬಸ್ಸಿಲ್ಲದ ಊರಲ್ಲಿ ಅದು ಬೇಕು. ಬಸ್ಸು ಕೇಳಿ.

ನಾನೂ ಮಳೆ ಅಳೆಯಬೇಕು. ಯಂತ್ರ ಎಲ್ಲಿ ಸಿಗುತ್ತದೆ?
— ಶಾಲಾ ಶಿಕ್ಷಕಿ, ಮೂಡಿಗೆರೆ

ಯಂತ್ರ ಬೇಡ. ಬಾಯಿಂದ ತಳದವರೆಗೆ ಒಂದೇ ಅಗಲ ಇರುವ, ಸಪಾಟು ತಳದ ಡಬ್ಬಿ ಸಾಕು. ಒಳಗೆ ಸ್ಕೇಲು ನಿಲ್ಲಿಸಿ ನೀರಿನ ಎತ್ತರ ಓದಿ, ಅಷ್ಟು ಮಿಲಿಮೀಟರ್ ಮಳೆ. ಸ್ಕೇಲಿನ ಸೊನ್ನೆ ತುದಿಯಿಂದಲೇ ಶುರುವಾಗುತ್ತದಾ ನೋಡಿಕೊಳ್ಳಿ. ಮರ, ಸೂರಿನಿಂದ ಅವುಗಳ ಎತ್ತರದ ಎರಡು ಪಟ್ಟು ದೂರ ಇಡಿ. 1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಮಕ್ಕಳಿಗೆ ಶಾಲೆಯ ಮಾಡಿನ ಅಳತೆ ತೆಗೆಸಿ, ಒಂದು ದಿನಕ್ಕೆ ಎಷ್ಟು ಲೀಟರ್ ಹರಿದುಹೋಯಿತು ಅಂತ ಲೆಕ್ಕ ಮಾಡಿಸಿ. ದಿನಕ್ಕೆ 64.5 ಮಿ.ಮೀ. ದಾಟಿದರೆ ಹವಾಮಾನ ಇಲಾಖೆ ಭಾರಿ ಮಳೆ ಅನ್ನುತ್ತದೆ, 115.6 ದಾಟಿದರೆ ಅತಿ ಭಾರಿ. ಅಂಥ ದಿನಗಳಿಗೆ ಕೆಂಪು ಶಾಯಿ ಬಳಸಿ.

ಅಡಿಕೆ, ಮೆಣಸಿನ ಹವಾಮಾನ ಆಧಾರಿತ ವಿಮೆಗೆ ಪಂಚಾಯ್ತಿಯ ಮಾಪಕದ ಅಂಕಿಯೇ ಆಧಾರ, ನಿಮ್ಮ ಪುಸ್ತಕ ಅಲ್ಲ. ಆದರೆ ಆ ಮಾಪಕ ಕೆಟ್ಟು ಕೂತಾಗ ಹೋಗಿ ಕೇಳಲು ಕೈಯಲ್ಲಿ ಒಂದು ಲೆಕ್ಕ ಇರುತ್ತದೆ. ಮಳೆ ಬರದ ದಿನವೂ ಸೊನ್ನೆ ಅಂತ ಬರೆಸಿ. ಮಕ್ಕಳು ಆ ದಿನವನ್ನೇ ಬಿಟ್ಟುಬಿಡುತ್ತಾರೆ.